ಬಾಡಿಗೆ ಮನೆಯ ಮುಂಗಡ: ಕೊಟ್ಟವನ ಹಕ್ಕು, ಪಡೆದವನ ಹೊಣೆ

ತೂಕದಲ್ಲಿ ವಂಚಿಸಬಾರದು, ಬಡ್ಡಿ ಮುಟ್ಟಬಾರದು, ಕೆಲಸಗಾರನ ಕೂಲಿಯನ್ನು ತಡೆಹಿಡಿಯಬಾರದು ಎಂಬ ಮಾತುಗಳನ್ನು ನಾವು ಶುಕ್ರವಾರದ ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಆದರೆ ಬಾಡಿಗೆ ಮನೆಯ ವಿಷಯ ಅಲ್ಲಿ ಪ್ರಸ್ತಾಪವಾಗುವುದು ಅಪರೂಪ. ನಗರಗಳಲ್ಲಿ ಬದುಕುವ ನಮ್ಮ ಅನೇಕ ಕುಟುಂಬಗಳಿಗೆ ತಿಂಗಳ ಅತಿ ದೊಡ್ಡ ಖರ್ಚು ಬಾಡಿಗೆಯೇ. ಅವರ ಉಳಿತಾಯದ ಬಹುಪಾಲು ಮುಂಗಡದ ರೂಪದಲ್ಲಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಇಷ್ಟು ದೊಡ್ಡ ವ್ಯವಹಾರವನ್ನು ಹಲಾಲ್-ಹರಾಮ್‌ಗಳ ವಿವೇಚನೆಯ ಹೊರಗಿಟ್ಟು, "ಅದನ್ನೆಲ್ಲ ಬ್ರೋಕರ್ ನೋಡಿಕೊಳ್ಳುತ್ತಾನೆ" ಎಂದು ಸುಮ್ಮನಾಗುವುದು ಸರಿಯೇ?

ಕರಾವಳಿಯ ಒಂದು ಹಳ್ಳಿಯಿಂದ ಶಿಕ್ಷಕ ವೃತ್ತಿಗಾಗಿ ಬೆಂಗಳೂರಿಗೆ ಬಂದ ನಾನು ಈವರೆಗೆ ಐದು ಬಾಡಿಗೆ ಮನೆಗಳಲ್ಲಿ ವಾಸಿಸಿದ್ದೇನೆ. ಮನೆಯ ಮಗನಂತೆ ನೋಡಿಕೊಂಡ ಮಾಲೀಕರನ್ನೂ ಕಂಡಿದ್ದೇನೆ, ನೀರಿನ ಟ್ಯಾಂಕಿಗೆ ಬೀಗ ಹಾಕಿದವರನ್ನೂ ಕಂಡಿದ್ದೇನೆ. ಈ ವರ್ಷಗಳಲ್ಲಿ ನನಗೆ ಮನವರಿಕೆಯಾದ ಒಂದು ಸಂಗತಿಯಿದೆ. ಬಾಡಿಗೆದಾರನ ಸಂಕಷ್ಟದ ಮೂಲ ಹೆಚ್ಚಾಗಿ ಮಾಲೀಕನ ಕೆಟ್ಟತನದಲ್ಲಿರುವುದಿಲ್ಲ. ಕೊಟ್ಟ ಹಣ ಯಾರದ್ದು ಎಂಬುದನ್ನು ಇಬ್ಬರೂ ಮರೆಯುವುದರಲ್ಲಿ ಅದು ಇರುತ್ತದೆ.

ಮೊದಲು ಮನೆ ಹುಡುಕುವ ಹಂತವನ್ನೇ ನೋಡೋಣ. ದಲ್ಲಾಳಿಗೆ ಕರೆ ಮಾಡಿದರೆ ಮನೆ ಖಾಲಿಯಿದೆ ಎನ್ನುತ್ತಾನೆ. ಬಾಡಿಗೆ, ಮುಂಗಡ, ಕೋಣೆಗಳ ಸಂಖ್ಯೆ ಎಲ್ಲವನ್ನೂ ಉತ್ಸಾಹದಿಂದ ವಿವರಿಸುತ್ತಾನೆ. ಕೊನೆಗೆ "ಹೆಸರು ಏನಂದ್ರಿ ಸಾರ್?" ಎಂದು ಕೇಳುತ್ತಾನೆ. ಹೆಸರು ಹೇಳಿದ ಮೇಲೆ ಒಂದು ಕ್ಷಣ ಮೌನ. "ಓನರ್ ಊರಿಗೆ ಹೋಗಿದ್ದಾರೆ ಸಾರ್, ಬಂದ ಮೇಲೆ ಹೇಳ್ತೀನಿ." ಆ ಮಾಲೀಕರು ಊರಿನಿಂದ ಹಿಂದಿರುಗುವುದೇ ಇಲ್ಲ. ಈ ಅನುಭವ ಓದುಗರಲ್ಲಿ ಅನೇಕರಿಗೆ ಹೊಸದೇನಲ್ಲ. ಸಂವಿಧಾನದ 15ನೇ ವಿಧಿಯು ಧರ್ಮದ ಆಧಾರದಲ್ಲಿ ಪ್ರಜೆಗಳ ನಡುವೆ ತಾರತಮ್ಯ ಮಾಡದಂತೆ ಸರಕಾರವನ್ನು ನಿರ್ಬಂಧಿಸುತ್ತದೆ. ಆದರೆ ತನ್ನ ಮನೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಖಾಸಗಿ ಮಾಲೀಕನ ಮುಂದೆ ನಿಂತವನಿಗೆ ಅದರಿಂದ ದೊರೆಯುವ ನೆರವು ಅತ್ಯಲ್ಪ.

ಈ ನಿರಾಕರಣೆಯ ನೋವು ಅಲ್ಲಿಗೇ ಮುಗಿಯುವುದಿಲ್ಲ. ತೆರೆದಿರುವ ಬಾಗಿಲುಗಳು ಕಡಿಮೆಯಾದಷ್ಟೂ, ತೆರೆದ ಬಾಗಿಲಿನ ಮುಂದೆ ನಿಂತವನು ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ಕರಾರು ಪತ್ರ ಕೇಳಿದರೆ ಮನೆ ಕೈತಪ್ಪಬಹುದು, ರಸೀದಿ ಕೇಳಿದರೆ ಅವರಿಗೆ ಬೇಸರವಾಗಬಹುದು ಎಂಬ ಅಂಜಿಕೆ ಅವನನ್ನು ಆವರಿಸುತ್ತದೆ. ಮನೆ ಸಿಕ್ಕಿತಲ್ಲ ಎಂಬ ಕೃತಜ್ಞತೆಯಲ್ಲಿ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುತ್ತಾನೆ. ಇದನ್ನು ಚೆನ್ನಾಗಿ ಬಲ್ಲ ಕೆಲವು ದಲ್ಲಾಳಿಗಳು ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಪಡೆದು, ಬಾಯಿಮಾತಿನ ಮೇಲೆಯೇ ಕೀಲಿಕೈ ಕೊಡಿಸಿ ಮರೆಯಾಗುತ್ತಾರೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬಹುಕಾಲದ ರೂಢಿ. ಕರಾರು 11 ತಿಂಗಳಿಗೆ. ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಈ 11ರ ಲೆಕ್ಕ ಹುಟ್ಟಿಕೊಂಡಿದೆ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದೂ ವಾಡಿಕೆ. ಇವೆಲ್ಲ ಮೊದಲೇ ಸ್ಪಷ್ಟವಾಗಿದ್ದರೆ ಜಗಳಕ್ಕೆ ಆಸ್ಪದವಿಲ್ಲ.

ನಮ್ಮ ಮೂರನೆಯ ಮನೆಯ ಮಾಲೀಕರು ನಮ್ಮದೇ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ ಹಿರಿಯರು. ಬಾಡಿಗೆ 14,000, ಮುಂಗಡ 1,40,000 ರೂಪಾಯಿ ಎಂದು ನಿಗದಿಯಾಯಿತು. ಕರಾರು ಪತ್ರದ ಮಾತೆತ್ತಿದಾಗ ಅವರು ನಕ್ಕು, "ನಾವು ನಾವೇ ತಾನೆ ಮೇಷ್ಟ್ರೇ, ಕಾಗದ ಯಾತಕ್ಕೆ?" ಎಂದರು. ನನಗಿಂತ ಮೊದಲು ನನ್ನ ಪತ್ನಿ ಉತ್ತರಿಸಿದಳು: "ಹಾಜಿ ಸಾಹೇಬರೇ, ನಿಮ್ಮ ಮೇಲೆ ನಮಗೆ ಸಂಶಯವಿಲ್ಲ. ನಾಳೆ ನೀವೂ ಇರಲಿಕ್ಕಿಲ್ಲ, ನಾವೂ ಇರಲಿಕ್ಕಿಲ್ಲ. ಮಕ್ಕಳಿಗೆ ಗೊತ್ತಾಗಬೇಕಲ್ಲ?" ಅವರು ಮರುಮಾತಾಡದೆ ಸಹಿ ಹಾಕಿದರು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ, ಉಳಿದ ಹಣ ಕೀಲಿಕೈ ಒಪ್ಪಿಸುವ ದಿನವೇ ವಾಪಸು ಎಂದು ಪತ್ರದಲ್ಲಿ ಬರೆಯಲಾಯಿತು. ಬಿರುಕು ಬಿಟ್ಟಿದ್ದ ಎರಡು ಟೈಲ್ಸ್, ಸೋರುತ್ತಿದ್ದ ನಲ್ಲಿ, ಅಡುಗೆಮನೆಯ ಗೋಡೆಯ ತೇವ ಇವುಗಳ ಪಟ್ಟಿ ಮಾಡಿ ಫೋಟೊಗಳನ್ನೂ ತೆಗೆದಿಟ್ಟೆವು.

ನಾಲ್ಕು ವರ್ಷಗಳ ಬಳಿಕ, ಮಗನ ಕಾಲೇಜು ಪ್ರವೇಶದ ಸಮಯದಲ್ಲೇ ಆ ಮನೆ ಬಿಡಬೇಕಾಯಿತು. ಹಿರಿಯರ ಮಾತು ಬದಲಾಗಿತ್ತು. ಬಣ್ಣ, ಟೈಲ್ಸ್, ನಲ್ಲಿ ಎಂದು 45,000 ರೂಪಾಯಿ ಮುರಿದುಕೊಳ್ಳುವುದಾಗಿಯೂ, ಉಳಿದದ್ದನ್ನು ಹೊಸ ಬಾಡಿಗೆದಾರ ಬಂದ ಮೇಲೆ ಕೊಡುವುದಾಗಿಯೂ ಹೇಳಿದರು. ನಮ್ಮ ಮುಂಗಡ ಎಂದೋ ಅವರ ಮಗಳ ಮದುವೆಗೆ ಖರ್ಚಾಗಿತ್ತು. ಇತ್ತ ಶುಲ್ಕ ಕಟ್ಟಲು ಉಳಿದಿದ್ದುದು ಎರಡು ವಾರ, ಅತ್ತ ಹೊಸ ಮನೆಯ ಮಾಲೀಕರೂ ಮುಂಗಡ ಕೇಳುತ್ತಿದ್ದರು. ಪತ್ನಿ ತನ್ನ ಕೈಬಳೆಗಳನ್ನು ಅಡವಿಟ್ಟಳು. ನಾನು ಕರಾರು ಪತ್ರವನ್ನೂ ಫೋಟೊಗಳನ್ನೂ ತೆಗೆದುಕೊಂಡು ಮಸೀದಿಯ ಇಬ್ಬರು ಹಿರಿಯರ ಬಳಿಗೆ ಹೋದೆ. ಅವರು ನಮ್ಮಿಬ್ಬರನ್ನೂ ಕೂರಿಸಿ ಪತ್ರವನ್ನು ಗಟ್ಟಿಯಾಗಿ ಓದಿದರು. ಹಾಜಿ ಸಾಹೇಬರು ತಲೆತಗ್ಗಿಸಿ ಕೇಳಿ, "ಬರೆದಿರುವುದು ನಿಜ" ಎಂದರು. ಮೂರು ಕಂತುಗಳಲ್ಲಿ 1,26,000 ರೂಪಾಯಿ ನಮಗೆ ಮರಳಿತು. ಪತ್ರವಿಲ್ಲದಿದ್ದರೆ ಅಂದು ಇಬ್ಬರು ನಮಾಝಿಗಳ ನಡುವೆ ಯಾರು ಸುಳ್ಳುಗಾರ ಎಂಬ ಪ್ರಶ್ನೆ ಏಳುತ್ತಿತ್ತು. ಪತ್ರವು ನಮ್ಮ ಹಣದ ಜೊತೆಗೆ ಅವರ ಮಾನವನ್ನೂ ಉಳಿಸಿತು.

ಇಲ್ಲಿ ಒಂದು ಮೂಲಭೂತ ಪ್ರಶ್ನೆಯಿದೆ. ಮುಂಗಡ ಹಣ ಯಾರದ್ದು? ಅದು ಬಾಡಿಗೆಯಲ್ಲ, ಉಡುಗೊರೆಯಲ್ಲ. ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮರಳಿಸಿದರೆ ಅದು ಅಮಾನತ್ತು. ಮಾಲೀಕನು ಅದನ್ನು ತನ್ನ ಅಗತ್ಯಕ್ಕೆ ಬಳಸಿಕೊಂಡರೆ ಅದು ಅವನ ಮೇಲಿರುವ ಸಾಲ. ಅಂದರೆ ಬಾಡಿಗೆ ಮನೆಯಲ್ಲಿ ಸಾಲಗಾರನಾಗಿರುವವನು ಬಾಡಿಗೆದಾರನಲ್ಲ, ಮಾಲೀಕ! ಹೊಸ ಬಾಡಿಗೆದಾರ ಬಂದ ಮೇಲೆ ಕೊಡುತ್ತೇನೆ ಎಂಬುದು, ಮತ್ತೊಬ್ಬರಿಂದ ಸಾಲ ಸಿಕ್ಕಿದ ಮೇಲೆ ನಿನ್ನ ಸಾಲ ತೀರಿಸುತ್ತೇನೆ ಎಂದಂತೆ. ತೀರಿಸುವ ಸಾಮರ್ಥ್ಯವಿದ್ದೂ ಸಾಲ ಮರಳಿಸಲು ತಡಮಾಡುವುದನ್ನು ಪ್ರವಾದಿ(ಸ)ರವರು ಅಕ್ರಮವೆಂದು ಕರೆದಿದ್ದಾರೆ. ನಿಜವಾಗಿಯೂ ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಆದರೆ ಆ ಅವಕಾಶವನ್ನು ಕೊಡುವವನು ಹಣ ಕೊಟ್ಟವನು. ಸಾಲಗಾರನೇ ಅದನ್ನು ತನಗೆ ತಾನೇ ದಯಪಾಲಿಸಿಕೊಳ್ಳುವಂತಿಲ್ಲ.

ಬರೆದಿಡುವುದು ಅಪನಂಬಿಕೆಯ ಲಕ್ಷಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತದ ವಿಷಯವೇ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನಿರಿಸುವುದು. ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದೆಂದೂ ಅಲ್ಲಿ ತಾಕೀತು ಇದೆ. ಅದು ವಿಶ್ವಾಸಿಗಳನ್ನೇ ಉದ್ದೇಶಿಸಿ ಹೇಳಿದ ಮಾತು. ಹಾಗಿರುವಾಗ "ನಾವು ನಾವೇ" ಎಂಬುದು ಬರೆಯದಿರಲು ನೆಪವಾಗಲು ಹೇಗೆ ಸಾಧ್ಯ?

ಇನ್ನು ಭೋಗ್ಯದ ವಿಚಾರ. ಐದು, ಹತ್ತು ಅಥವಾ ಹದಿನೈದು ಲಕ್ಷ ರೂಪಾಯಿಯನ್ನು ಒಮ್ಮೆಲೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಪೂರ್ಣ ಮೊತ್ತ ಹಿಂಪಡೆಯುವ ಈ ಪದ್ಧತಿಗೆ ಬೆಂಗಳೂರಿನಲ್ಲಿ ಜನ 'ಲೀಸ್' ಎನ್ನುತ್ತಾರೆ. ಬಾಡಿಗೆ ಉಳಿಯಿತೆಂದು ಮಧ್ಯಮವರ್ಗದ ಕುಟುಂಬಗಳು ಇದಕ್ಕೆ ಆಕರ್ಷಿತವಾಗುತ್ತವೆ. ಕೊಟ್ಟ ಸಾಲ ಪೂರ್ತಿಯಾಗಿ ಮರಳುವುದರೊಂದಿಗೆ ವಾಸದ ಲಾಭವೂ ದೊರೆಯುವುದರಿಂದ ಇದು ಬಡ್ಡಿಯ ಸ್ವರೂಪದ್ದೆಂದು ಅನೇಕ ವಿದ್ವಾಂಸರು ಎಚ್ಚರಿಸಿದ್ದಾರೆ. ಆದ್ದರಿಂದ ಹಣ ಕೊಡುವ ಮುನ್ನ ತಾವು ನಂಬುವ ಉಲಮಾಗಳನ್ನು ಕೇಳುವುದು ಅಗತ್ಯ.

ಲೌಕಿಕ ಅಪಾಯವೂ ಸಣ್ಣದಲ್ಲ. ನನ್ನ ಸಹೋದ್ಯೋಗಿಯೊಬ್ಬರ ಕುಟುಂಬ ಮಧ್ಯವರ್ತಿ ಸಂಸ್ಥೆಯೊಂದಕ್ಕೆ ಇಡೀ ಭೋಗ್ಯದ ಹಣವನ್ನು ಕೊಟ್ಟಿತ್ತು. ಆ ಸಂಸ್ಥೆ ಮಾಲೀಕರಿಗೆ ತಿಂಗಳು ತಿಂಗಳು ಬಾಡಿಗೆ ಮಾತ್ರ ಕೊಡುತ್ತಾ ಬಂದು, ಒಂದು ದಿನ ಅದನ್ನೂ ನಿಲ್ಲಿಸಿತು. ಬಾಡಿಗೆ ಬರಲಿಲ್ಲವೆಂದು ಮಾಲೀಕರು ಬಾಗಿಲಿಗೆ ಬಂದಾಗಲಷ್ಟೇ, ಅವರ ಲೆಕ್ಕದಲ್ಲಿ ಭೋಗ್ಯವೆಂಬುದೇ ಇರಲಿಲ್ಲವೆಂದು ಕುಟುಂಬಕ್ಕೆ ತಿಳಿಯಿತು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕನು ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಆ ಮನೆಯನ್ನು ಹರಾಜಿಗಿಡಬಹುದು. ಆಗಲೂ ಬೀದಿಗೆ ಬೀಳುವವನು ಒಳಗೆ ವಾಸವಿರುವವನೇ. ದೊಡ್ಡ ಮೊತ್ತ ಕೊಡುವ ಮುನ್ನ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ, ಕಂದಾಯ ರಸೀದಿಯಲ್ಲಿರುವ ಹೆಸರನ್ನು ನೋಡಿರಿ, ಮಾಲೀಕನನ್ನು ಮುಖತಃ ಭೇಟಿಯಾಗಿ, ಹಣವನ್ನು ಅವನ ಬ್ಯಾಂಕ್ ಖಾತೆಗೇ ಹಾಕಿರಿ.

ಕಾನೂನಿನ ಕೆಲವು ಸಂಗತಿಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಇಂದಿನ ಬಹುತೇಕ ಬಾಡಿಗೆದಾರರಿಗೆ ಅವರ ಕರಾರು ಪತ್ರವೇ ಮುಖ್ಯ ರಕ್ಷಣೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ ನೋಟಿಸ್ ಕೊಡಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಹೇಳುತ್ತದೆ. ಕಾನೂನು ಕ್ರಮವಿಲ್ಲದೆ ಬಲವಂತದಿಂದ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಕೇಂದ್ರ ಸಚಿವ ಸಂಪುಟವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡಾಗಲಷ್ಟೇ ಅದಕ್ಕೆ ಬಲ. ಮಹಿಳೆಯರು ತಮ್ಮ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರು. ಮನೆ ಬಿಡಿಸುವ ಬೆದರಿಕೆ ಎದುರಿಸುವ ವಿಧವೆಯರಿಗೂ ಒಂಟಿ ತಾಯಂದಿರಿಗೂ ಇದನ್ನು ತಿಳಿಸುವುದು ನೆರೆಹೊರೆಯವರ ಕರ್ತವ್ಯ.

ಹೊಣೆ ಒಂದೇ ಕಡೆಯದ್ದಲ್ಲ. ಒಂದೇ ಮನೆಯ ಬಾಡಿಗೆಯಿಂದ ಜೀವನ ಸಾಗಿಸುವ ವೃದ್ಧರಿದ್ದಾರೆ. ಅವರಿಗೆ ತಿಂಗಳುಗಟ್ಟಲೆ ಬಾಡಿಗೆ ಕೊಡದೆ, ಹೇಳಿದ ದಿನಕ್ಕೆ ಮನೆ ಬಿಡದೆ ಸತಾಯಿಸುವ ಬಾಡಿಗೆದಾರರೂ ನಮ್ಮಲ್ಲಿದ್ದಾರೆ. ಕರಾರು ಇಬ್ಬರನ್ನೂ ಕಟ್ಟಿಹಾಕುತ್ತದೆ. ಕೊಟ್ಟ ಮನೆಯನ್ನು ಕೊಟ್ಟ ಸ್ಥಿತಿಯಲ್ಲಿ ಮರಳಿಸುವುದೂ ಅಮಾನತ್ತಿನ ಭಾಗವೇ.

ಮದೀನಾಕ್ಕೆ ಆಗಮಿಸಿದ ಪ್ರವಾದಿ(ಸ)ರವರಿಗೆ ಆರಂಭದಲ್ಲಿ ಅಲ್ಲಿ ಸ್ವಂತ ಮನೆಯಿರಲಿಲ್ಲ. ಅವರು ಅಬೂ ಅಯ್ಯೂಬ್ ಅನ್ಸಾರಿ(ರ)ರವರ ಮನೆಯ ಕೆಳಅಂತಸ್ತಿನಲ್ಲಿ ತಂಗಿದ್ದರು. ಒಂದು ರಾತ್ರಿ ಮಹಡಿಯಲ್ಲಿ ನೀರಿನ ಮಡಕೆ ಒಡೆಯಿತು. ಹನಿಯೊಂದೂ ಕೆಳಗೆ ಸೋರಬಾರದೆಂದು ಆ ದಂಪತಿಗಳು ತಮಗಿದ್ದ ಒಂದೇ ಹೊದಿಕೆಯಿಂದ ನೀರನ್ನು ಹೀರಿಸಿದರು. ಆ ಅತಿಥಿಯ ಸ್ಥಾನವೇ ಬೇರೆ, ನಿಜ. ಆದರೆ ಕೆಳಗೆ ವಾಸಿಸುವವರ ನೆಮ್ಮದಿ ಮೇಲೆ ವಾಸಿಸುವವರ ಜವಾಬ್ದಾರಿ ಎಂಬ ಪಾಠ ನಮಗೂ ಅನ್ವಯಿಸುತ್ತದೆ. ಮಹಡಿಯಲ್ಲಿ ತಾವಿದ್ದು ಕೆಳಮನೆಯವರ ನೀರು ನಿಲ್ಲಿಸುವ ಮಾಲೀಕರು ಇದನ್ನು ಒಮ್ಮೆ ನೆನೆಯಲಿ.

ಪ್ರತಿಯೊಂದು ಜಮಾಅತ್ ತನ್ನ ಕಚೇರಿಯಲ್ಲಿ ವಕೀಲರಿಂದ ಬರೆಸಿದ ಮಾದರಿ ಕರಾರು ಪತ್ರವೊಂದನ್ನು ಇರಿಸಿಕೊಂಡು, ಸಾಕ್ಷಿ ಹಾಕಲು ಇಬ್ಬರು ಪ್ರಾಮಾಣಿಕರನ್ನು ಗುರುತಿಸಿದರೆ ಎಷ್ಟೋ ಕುಟುಂಬಗಳ ಕಣ್ಣೀರು ತಪ್ಪೀತು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಮನೆ ಬಾಡಿಗೆಗೆ ಕೊಟ್ಟಿರುವ ಸಹೋದರ ಸಹೋದರಿಯರಲ್ಲಿ ನನ್ನದೊಂದು ವಿನಂತಿ. ಬಾಡಿಗೆದಾರರಿಂದ ಪಡೆದ ಮುಂಗಡದ ಮೊತ್ತವನ್ನೂ ಅವರ ಹೆಸರನ್ನೂ ಇಂದೇ ನಿಮ್ಮ ವಸಿಯ್ಯತ್ತಿನಲ್ಲಿ ಬರೆದಿಡಿ, ಮಕ್ಕಳಿಗೆ ತಿಳಿಸಿ. ಮೃತನ ಆಸ್ತಿ ವಾರಸುದಾರರಿಗೆ ಹಂಚಿಕೆಯಾಗುವುದು ಅವನ ಸಾಲಗಳು ತೀರಿದ ನಂತರ. ತಂದೆ ಸತ್ತ ಮೇಲೆ "ನಮಗೇನೂ ಗೊತ್ತಿಲ್ಲ" ಎಂದು ಮಕ್ಕಳು ಕೈಚೆಲ್ಲಿದರೆ, ಬಾಡಿಗೆದಾರನ ಹಣ ಹೋಗಬಹುದು. ಆದರೆ ಆ ಸಾಲದ ಹೊರೆ ಗೋರಿಯಲ್ಲಿರುವ ತಂದೆಯ ಹೆಗಲ ಮೇಲೆ ಉಳಿಯುತ್ತದೆ. ಪರರ ಹಕ್ಕಿನ ಭಾರವಿಲ್ಲದೆ ಅಲ್ಲಾಹನನ್ನು ಭೇಟಿಯಾಗುವ ಭಾಗ್ಯವನ್ನು ಅವನು ನಮ್ಮೆಲ್ಲರಿಗೂ ಕರುಣಿಸಲಿ.