ನಿಕೋಡಿಮಸ್: ಹದಿನಾಲ್ಕು ಜನರ ಊರು, ನೂರಾರು ಜನರ ಹಬ್ಬ

ಅಮೆರಿಕದ ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, ಗ್ರಹಾಂ ಕೌಂಟಿಯ ಬಯಲಿನಲ್ಲಿ, ಸೊಲೊಮನ್ ನದಿಯ ದಕ್ಷಿಣ ಕವಲಿನ ಹತ್ತಿರ ನಿಕೋಡಿಮಸ್ ಇದೆ. ಕಪ್ಪು ಜನ ತಮಗಾಗಿ ತಾವೇ ಕಟ್ಟಿಕೊಂಡ ಊರು ಇದು, ಹುಟ್ಟಿದ್ದು 1877ರಲ್ಲಿ. ಅಂತರ್ಯುದ್ಧದ ನಂತರ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಹೀಗೆ ಎದ್ದ ಊರುಗಳ ಪೈಕಿ ಇಂದಿಗೂ ಜನವಸತಿ ಉಳಿಸಿಕೊಂಡಿರುವ ಅತ್ಯಂತ ಹಳೆಯದು. 2020ರ ಜನಗಣತಿಯ ಹೊತ್ತಿಗೆ ಅಲ್ಲಿದ್ದವರು 14 ಮಂದಿ. ಆದರೆ ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ವಾರಾಂತ್ಯಕ್ಕೆ ದೇಶದ ಮೂಲೆಮೂಲೆಯಿಂದ ನೂರಾರು ಜನ ಅಲ್ಲಿ ಸೇರುತ್ತಾರೆ. ಊರು ಕರಗಿಯೂ ಊರಹಬ್ಬ ಕರಗದೆ ಉಳಿದದ್ದು ಹೇಗೆ ಎನ್ನುವುದೇ ನಿಕೋಡಿಮಸ್‌ನ ಚರಿತ್ರೆ.

ಈ ಊರು ಏಳಲು ಕಾರಣ ದಕ್ಷಿಣದ ರಾಜ್ಯಗಳ ಪರಿಸ್ಥಿತಿ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು, ಆದರೆ ನೆಲ ಹಳೆಯ ಧಣಿಗಳ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವರು ಅದೇ ಹೊಲವನ್ನು ಪಾಲಿಗೆ ಉತ್ತು, ಅದೇ ಧಣಿಯ ಅಂಗಡಿಯಲ್ಲಿ ಸಾಲ ಮಾಡಿ, ಸುಗ್ಗಿಯ ಕೊನೆಗೆ ಬರಿಗೈಯಲ್ಲಿ ನಿಲ್ಲುವಂತಾಯಿತು. 1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದ ರಾಜ್ಯಗಳಲ್ಲಿ ತನ್ನ ಕಾವಲನ್ನು ಕೈಬಿಟ್ಟಾಗ, ಹೊಡೆತ ಬಡಿತಗಳಿಂದ ಕಾಯುವವರೂ ಇಲ್ಲವಾದರು. ಇತ್ತ ಪಶ್ಚಿಮದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ಇದ್ದು ಸಾಗುವಳಿ ಮಾಡಿದವರಿಗೆ 160 ಎಕರೆ ಸರ್ಕಾರಿ ನೆಲ ಸಿಗುತ್ತಿತ್ತು. ಗುಲಾಮಗಿರಿಯ ವಿರುದ್ಧ ಹೋರಾಡಿದ ರಾಜ್ಯವೆಂದು ಕ್ಯಾನ್ಸಸ್‌ಗೆ ಹೆಸರೂ ಇತ್ತು. ಹೊರಡಲು ಇಷ್ಟು ಸಾಕಾಯಿತು.

1877ರ ಏಪ್ರಿಲ್‌ನಲ್ಲಿ ನಿಕೋಡಿಮಸ್ ಟೌನ್ ಕಂಪನಿ ಹುಟ್ಟಿತು. ಏಳು ಸದಸ್ಯರಲ್ಲಿ ಆರು ಮಂದಿ ಕಪ್ಪು ಜನ, ಒಬ್ಬ ಬಿಳಿಯ. ಅಧ್ಯಕ್ಷ ಡಬ್ಲ್ಯು. ಎಚ್. ಸ್ಮಿತ್ ಪಾದ್ರಿ, ಖಜಾಂಚಿ ಡಬ್ಲ್ಯು. ಆರ್. ಹಿಲ್ ಊರು ಕಟ್ಟಿ ನಿವೇಶನ ಮಾರುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಬಿಳಿಯ. ಕೆಂಟಕಿಯ ಚರ್ಚುಗಳಲ್ಲಿ ಇವರ ಕರಪತ್ರಗಳು ಹರಿದಾಡಿದವು. ಒಳ್ಳೆಯ ಮಣ್ಣು, ನೀರು, ಸ್ವಂತ ಊರು ಎಂಬ ಭರವಸೆಯ ಜೊತೆಗೆ, ಮೊದಲ ಐದು ವರ್ಷ ಊರೊಳಗೆ ಹೆಂಡದಂಗಡಿಗೆ ಜಾಗವಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಹಿಲ್‌ನ ಬಗ್ಗೆ ನೆಲೆಸಿದವರ ನೆನಪು ಮಧುರವಾಗಿಲ್ಲ. ಕರಪತ್ರದಲ್ಲಿದ್ದ ಊರಿಗೂ ಕಣ್ಣಿಗೆ ಕಂಡ ಊರಿಗೂ ಇದ್ದ ಅಂತರ ನೋಡಿದರೆ ಅವರ ಸಿಟ್ಟು ನ್ಯಾಯವೇ.

ಮೊದಲ ತಂಡದ ಸುಮಾರು 30 ಮಂದಿ ಜುಲೈನಲ್ಲಿ ಬಂದರು. ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಸುತ್ತಮುತ್ತಲಿಂದ 300ಕ್ಕೂ ಹೆಚ್ಚು ಜನ ರೈಲು ಹತ್ತಿದರು. ರೈಲು ಅವರನ್ನು ಇಳಿಸುತ್ತಿದ್ದುದು ಎಲ್ಲಿಸ್ ಎಂಬಲ್ಲಿ. ಅಲ್ಲಿಂದ ಮುಂದೆ ಸುಮಾರು 55 ಕಿಲೋಮೀಟರ್ ದಾರಿಯೇ ಇಲ್ಲದ ಹುಲ್ಲುಗಾವಲು. ಗಂಟುಮೂಟೆಯೊಂದಿಗೆ ನಡೆಯಬೇಕು, ಇಲ್ಲವೇ ಬಂಡಿ ಹಿಡಿಯಬೇಕು. ಬಂದವರಲ್ಲಿ ಹಲವು ಕುಟುಂಬಗಳು ಊರೆನ್ನುವುದನ್ನು ಕಂಡ ಮರುದಿನವೇ ಹಿಂದಿರುಗಿದವು.

ಅವರು ಕಂಡದ್ದೇನು ಎಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯವಿದೆ. ಪಾದ್ರಿ ಡೇನಿಯಲ್ ಹಿಕ್‌ಮನ್ ಅವರ ಹೆಂಡತಿ ವಿಲಿಯಾನಾ ಹಿಕ್‌ಮನ್ 1878ರ ವಸಂತದಲ್ಲಿ ಬಂದ ತಂಡದವರು. ಎಲ್ಲಿಸ್‌ನಲ್ಲಿ ತಂಗಿದ್ದಾಗ ದಡಾರ ಹಬ್ಬಿ ಮಕ್ಕಳು ತೀರಿಕೊಂಡವು. ಉಳಿದವರು ಬಂಡಿ ಕಟ್ಟಿ ಹೊರಟರು. ಮುಂದೆ ಹೋಗುತ್ತಿದ್ದ ಗಂಡಸರು ಊರು ಬಂತೆಂದು ಕೂಗಿದಾಗ, ಕಾಯಿಲೆಯಿಂದ ಸೊರಗಿದ್ದ ಆಕೆ ಕಣ್ಣರಳಿಸಿ ಹುಡುಕಿದರೂ ಒಂದು ಮನೆಯೂ ಕಾಣಲಿಲ್ಲ. ಗಂಡ ತೋರಿಸಿದ್ದು ನೆಲದೊಳಗಿಂದ ಅಲ್ಲಲ್ಲಿ ಮೇಲೇಳುತ್ತಿದ್ದ ಹೊಗೆಯನ್ನು. ಅದೇ ಊರು ಎಂದು ತಿಳಿದಾಗ ಅಳು ಬಂತೆಂದು ಆಕೆ ಇಳಿವಯಸ್ಸಿನಲ್ಲಿ ನೆನೆದಿದ್ದಾರೆ. ನಿಕೋಡಿಮಸ್ ಕುರಿತ ಬರವಣಿಗೆಯಲ್ಲೆಲ್ಲ ಮರಳಿ ಮರಳಿ ಬರುವ ನೆನಪು ಇದು.

ಆ ಹೊಗೆ ಬರುತ್ತಿದ್ದುದು ನೆಲಗುಡಿಸಲುಗಳಿಂದ. ಬಯಲಿನಲ್ಲಿ ಮರವೇ ಅಪರೂಪ. ದಿಬ್ಬದ ಪಕ್ಕಕ್ಕೆ ಗುಂಡಿ ತೋಡಿ, ಹೊಳೆದಂಡೆಯ ಕೊಂಬೆಗಳನ್ನು ಅಡ್ಡ ಹಾಕಿ, ಹುಲ್ಲಿನ ಬೇರು ಕಚ್ಚಿಕೊಂಡ ಮಣ್ಣಿನ ಗಟ್ಟಿಗಳನ್ನು ಮೇಲೆ ಹೊದಿಸಿದರೆ ಮನೆ ಸಿದ್ಧ. ಬಯಲುಸೀಮೆಯವರು ಜೋಳ ತುಂಬಿಡುವ ಹಗೇವಿನೊಳಗೆ ಸಂಸಾರವೇ ಇಳಿದಂತೆ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು ಎಂಬ ಗುಣವೇನೋ ಇತ್ತು. ಆದರೆ ಮಳೆ ಬಂದರೆ ಒಳಗೆಲ್ಲ ಕೆಸರು, ಹಾವು ಬರುವುದಕ್ಕೆ ಅಡ್ಡಿಯೇ ಇಲ್ಲ. ಒಲೆಗೆ ಹೊಳೆದಂಡೆಯ ಚಕ್ಕೆ ಸೌದೆ, ಸೂರ್ಯಕಾಂತಿಯ ಒಣಗಿದ ದಂಟು. ಇಂಥದೇ ಒಂದು ನೆಲಗುಡಿಸಲಿನಲ್ಲಿ ಸ್ಮಿತ್ ಅವರ ಮಗಳು ಜೆನಿ ಫ್ಲೆಚರ್ ಊರಿನ ಮಕ್ಕಳಿಗೆ ಮೊದಲ ಪಾಠ ಹೇಳಿಕೊಟ್ಟರು. ಆಕೆಯ ಗಂಡ ಜಕಾರಿ ಫ್ಲೆಚರ್ ಊರಿನ ಮೊದಲ ಪೋಸ್ಟ್‌ಮಾಸ್ಟರ್. 1877ರ ಅಕ್ಟೋಬರ್‌ನಲ್ಲಿ ಊರಿನ ಮೊದಲ ಕೂಸು ಹೆನ್ರಿ ವಿಲಿಯಮ್ಸ್ ಹುಟ್ಟಿದ.

ಬಿತ್ತನೆಯ ಕಾಲ ಮೀರಿ ಬಂದವರಿಗೆ ಮೊದಲ ಚಳಿಗಾಲ ಉಪವಾಸದ ಕಾಲ. ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಜೀವ ಉಳಿಸಿದರೆಂದು ಊರಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಗಂಡಸರು ರೈಲು ಕೆಲಸಕ್ಕೆ, ದೂರದ ಹೊಲಗಳ ಕೂಲಿಗೆ ಗುಳೆ ಹೋದರು. ಬಯಲಿನಲ್ಲಿ ಚೆಲ್ಲಿಬಿದ್ದಿದ್ದ ಬೈಸನ್ ಮೂಳೆಗಳನ್ನು ಆಯ್ದು ಗೊಬ್ಬರಕ್ಕೆ ಮಾರಿದರು. ನೇಗಿಲು, ಜಾನುವಾರು ಇದ್ದವರು ಬೆರಳೆಣಿಕೆಯಷ್ಟು. ಎಷ್ಟೋ ಮಂದಿ ಮೊದಲ ಉಳುಮೆಯನ್ನು ಗುದ್ದಲಿ ಸನಿಕೆಯಲ್ಲೇ ಮಾಡಿದರು. ತಂಬಾಕು, ಸೆಣಬು ಬೆಳೆದು ಗೊತ್ತಿದ್ದ ಕೈಗಳು ಗೋಧಿ, ಮೆಕ್ಕೆಜೋಳ ಕಲಿಯಬೇಕಾಯಿತು, ಅದೂ ಮಳೆ ನಂಬುವಂತಿಲ್ಲದ ನೆಲದಲ್ಲಿ.

ಹಬ್ಬ ಶುರುವಾದದ್ದು ಇಂಥ ದಿನಗಳಲ್ಲೇ, 1878ರಲ್ಲಿ. ವಿಶೇಷವೆಂದರೆ, ಅವರು ಆರಿಸಿಕೊಂಡ ದಿನ ಟೌನ್ ಕಂಪನಿಯ ಹುಟ್ಟುದಿನವಲ್ಲ, ಗುಲಾಮರ ಬಿಡುಗಡೆಗೆ ಅಧ್ಯಕ್ಷ ಲಿಂಕನ್ ಹೊರಡಿಸಿದ ಘೋಷಣೆಯ ದಿನವೂ ಅಲ್ಲ. ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆ ಬಿಡುಗಡೆ ತಂದ 1834ರ ಆಗಸ್ಟ್ 1 ಅವರ ಹಬ್ಬದ ದಿನವಾಯಿತು. ಅಮೆರಿಕದಲ್ಲಿ ಗುಲಾಮಗಿರಿ ಇದ್ದಾಗಲೇ ಉತ್ತರದ ಕಪ್ಪು ಜನ ಈ ದಿನವನ್ನು ಆಚರಿಸುತ್ತಿದ್ದರು. ನಿಕೋಡಿಮಸ್‌ನ ರೈತರಿಗೆ ಅದು ಬೇಸಾಯಕ್ಕೂ ಹೊಂದಿತು: ಗೋಧಿಯ ಕೊಯ್ಲು ಮುಗಿದು ಕೈಗೆ ಸ್ವಲ್ಪ ಬಿಡುವು ಸಿಗುವ ಹೊತ್ತು ಅದು. ಹೀಗಾಗಿ ಬಿಡುಗಡೆಯ ದಿನ, ಸುಗ್ಗಿಯ ಸಡಗರ, ಊರಿನ ಹುಟ್ಟುಹಬ್ಬ ಮೂರೂ ಒಂದರೊಳಗೊಂದು ಸೇರಿಹೋದವು.

1880ರ ದಶಕ ಊರಿನ ಒಳ್ಳೆಯ ಕಾಲ. ನೆಲಗುಡಿಸಲುಗಳ ಜಾಗದಲ್ಲಿ ಸುಣ್ಣದಕಲ್ಲಿನ, ಮರದ ಕಟ್ಟಡಗಳೆದ್ದವು. ಫ್ಲೆಚರ್ ದಂಪತಿಯ ಸೇಂಟ್ ಫ್ರಾನ್ಸಿಸ್ ಹೋಟೆಲು ಬಂತು. ಚರ್ಚುಗಳು, ಶಾಲೆ, ದಿನಸಿ ಅಂಗಡಿಗಳು, ಬ್ಯಾಂಕು ಬಂದವು. ಬಿಳಿಯ ವರ್ತಕರೂ ಬಂದು ಅಂಗಡಿ ಇಟ್ಟರು. ‘ವೆಸ್ಟರ್ನ್ ಸೈಕ್ಲೋನ್’ 1886ರಲ್ಲಿ, ‘ನಿಕೋಡಿಮಸ್ ಎಂಟರ್‌ಪ್ರೈಸ್’ 1887ರಲ್ಲಿ ಶುರುವಾದವು. ಇಷ್ಟು ಸಣ್ಣ ಊರಿಗೆ ಎರಡು ಪತ್ರಿಕೆ. ರಾಜಕೀಯದಲ್ಲೂ ಊರು ಹಿಂದೆ ಬೀಳಲಿಲ್ಲ. 1878ರಲ್ಲಿ ಬಂದು ನೆಲೆಸಿದ ಎಡ್ವರ್ಡ್ ಮೆಕೇಬ್ ಮೊದಲು ಕೌಂಟಿಯ ಗುಮಾಸ್ತೆಯಾಗಿ, 1882ರಲ್ಲಿ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾವಣೆಯಲ್ಲಿ ಗೆದ್ದರು. ಆ ರಾಜ್ಯದಲ್ಲಿ ಇಡೀ ರಾಜ್ಯದ ಮತದಿಂದ ಅಧಿಕಾರಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು. ಮುಂದೆ ಅವರು ಒಕ್ಲಹೋಮಾಕ್ಕೆ ಹೋಗಿ ಲ್ಯಾಂಗ್‌ಸ್ಟನ್ ಎಂಬ ಇನ್ನೊಂದು ಊರು ಕಟ್ಟುವುದರಲ್ಲಿ ಮುಂದಾದರು.

ಬಯಲಿನ ಊರುಗಳಿಗೆ ರೈಲು ಬಂದರೆ ಬದುಕು, ಬಾರದಿದ್ದರೆ ಇಲ್ಲ. ಬೆಳೆದ ಗೋಧಿ ಮಾರುಕಟ್ಟೆ ಸೇರಬೇಕಲ್ಲ! 1887ರಲ್ಲಿ ಜನ ಮತ ಹಾಕಿ, ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲು 16,000 ಡಾಲರ್ ಬಾಂಡ್‌ಗೆ ಒಪ್ಪಿದರು. ಆ ಹಳಿ ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಸಿತು, ಆದರೆ ಹೊಳೆಯ ಆಚೆ ದಂಡೆಯಲ್ಲಿ. ರೈಲ್ವೆ ಕೆಲಸದವರ ಬಿಡಾರ ಬೋಗ್ ಎಂಬ ಊರಾಗಿ ಬೆಳೆಯಿತು. ನಿಕೋಡಿಮಸ್‌ನ ವರ್ತಕರು ಅಂಗಡಿ ಮುಚ್ಚಿ ಅತ್ತ ನಡೆದರು. ಕೆಲವರು ಕಟ್ಟಡವನ್ನೇ ಎತ್ತಿ ಸಾಗಿಸಿದರು. ಪತ್ರಿಕೆಗಳೂ ನಿಂತವು. ಅಲ್ಲಿಂದ ಮುಂದೆ ಅದು ಪೇಟೆಯಾಗಿ ಬೆಳೆಯಲಿಲ್ಲ, ಸುತ್ತಲಿನ ಹೊಲಗಳ ಒಕ್ಕಲುಗಳಿಗೆ ಚರ್ಚು, ಶಾಲೆ, ಸಭೆಗೆ ಸೇರುವ ಜಾಗವಾಗಿ ಉಳಿಯಿತು.

ಹಾಗೆ ಉಳಿದದ್ದೂ ಸಣ್ಣ ಸಂಗತಿಯಲ್ಲ. ಪೇಟೆ ಕುಗ್ಗಿದ ಮೇಲೂ ಹೊಲಗಳು ಅವರ ಕೈಯಲ್ಲೇ ಇದ್ದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಬ್ಬಕ್ಕೆ ಕಳೆ ಕಟ್ಟಿದ್ದು ಇದರಿಂದಲೇ. ಸ್ಕ್ರಗ್ಸ್ ಗ್ರೋವ್ ಎಂಬ ತೋಪಿನಲ್ಲಿ ಹಲವು ದಿನ ಬಿಡಾರ ಹೂಡಿ ಜನ ಸೇರುತ್ತಿದ್ದರು. ಕೆಂಡದ ಕುಳಿಯ ಮೇಲೆ ಮಾಂಸ ಬೇಯುತ್ತಿತ್ತು, ಮಕ್ಕಳಿಗೆ ತಿರುಗುವ ಕುದುರೆಗಳ ರಾಟೆ, ನಿಂಬೆ ಪಾನಕ. ದೊಡ್ಡವರಿಗೆ ಬೇಸ್‌ಬಾಲ್, ಕುಸ್ತಿ, ಮುಷ್ಟಿಕಾಳಗ, ರಾತ್ರಿ ಕುಣಿತ. ಭಾಷಣಗಳೂ ಇದ್ದವು, ಗುಲಾಮಗಿರಿಯನ್ನು ಮೈಮೇಲೆ ಅನುಭವಿಸಿದ ಹಿರಿಯರು ಇನ್ನೂ ಬದುಕಿದ್ದ ಕಾಲ ಅದು. ಅಕ್ಕಪಕ್ಕದ ಬಿಳಿಯರ ಊರುಗಳಿಂದಲೂ ಜನ ಬರುತ್ತಿದ್ದರು.

1930ರ ದಶಕದ ಬರ, ದೂಳಿನ ಬಿರುಗಾಳಿ, ಆರ್ಥಿಕ ಕುಸಿತ ಮೂರೂ ಸೇರಿ ಒಕ್ಕಲುಗಳನ್ನು ಎಬ್ಬಿಸಿದವು. ಯುವಕರು ಡೆನ್ವರ್, ಟೊಪೀಕಾ, ಕ್ಯಾಲಿಫೋರ್ನಿಯಾದ ನಗರಗಳಿಗೆ ಕೆಲಸ ಹುಡುಕಿಕೊಂಡು ಹೊರಟರು. ಸರ್ಕಾರದ ಪರಿಹಾರ ಕಾಮಗಾರಿಯಲ್ಲಿ 1939ರಲ್ಲಿ ಸುಣ್ಣದಕಲ್ಲಿನ ಟೌನ್‌ಶಿಪ್ ಹಾಲ್ ಎದ್ದಿತು. ಅದನ್ನು ತುಂಬಲು ಬೇಕಾದಷ್ಟು ಜನವೇ ಊರಲ್ಲಿ ಇರಲಿಲ್ಲ. 1950ರಲ್ಲಿ ಊರೊಳಗೆ ಉಳಿದವರು 16 ಮಂದಿ. 1953ರಲ್ಲಿ ಅಂಚೆ ಕಚೇರಿ, 1960ರ ಹೊತ್ತಿಗೆ ಶಾಲೆ ಮುಚ್ಚಿತು.

ಹಬ್ಬದ ಸ್ವರೂಪ ಬದಲಾದದ್ದು ಈ ಕಾಲದಲ್ಲಿ. ಇದ್ದವರು ನೆರೆಯವರನ್ನು ಕರೆದು ಮಾಡುತ್ತಿದ್ದ ಹಬ್ಬ, ಹೋದವರು ತಾವಾಗಿ ಬಂದು ಮಾಡುವ ಹಬ್ಬವಾಯಿತು. ತೋಪಿನಿಂದ ಊರೊಳಗಿನ ಹಾಲ್ ಮತ್ತು ಚರ್ಚಿಗೆ ಸ್ಥಳಾಂತರವಾಯಿತು. ವಿಮೋಚನೆಯ ಆಚರಣೆ ಎಂಬ ಹೆಸರಿನ ಬದಲು ಜನ ‘ಹೋಮ್‌ಕಮಿಂಗ್’ ಎನ್ನತೊಡಗಿದರು. ದಿನಾಂಕವೂ ಆಗಸ್ಟ್ 1ರ ಗಂಟು ಬಿಚ್ಚಿಕೊಂಡು ವಾರಾಂತ್ಯಕ್ಕೆ ಸರಿಯಿತು, ನೌಕರಿಯವರಿಗೆ ರಜೆ ಸಿಗುವುದು ಆಗಲೇ ತಾನೆ. ಹೆಸರಿನಿಂದ ಬಿಡುಗಡೆಯ ಪ್ರಸ್ತಾಪ ಜಾರಿಹೋದದ್ದು ಸ್ವಲ್ಪ ನಷ್ಟವೇ. ಆದರೆ ಹುಟ್ಟಿ ಬೆಳೆದದ್ದೆಲ್ಲ ನಗರದಲ್ಲೇ ಆದ ಮೊಮ್ಮಕ್ಕಳು ಯಾರ ಅಜ್ಜ ಯಾರ ಅಜ್ಜನ ಜೊತೆ ಎಲ್ಲಿಸ್‌ನಿಂದ ನಡೆದು ಬಂದ ಎಂಬುದನ್ನು ಕಲಿಯುವುದು ಈ ವಾರಾಂತ್ಯದಲ್ಲೇ. ಮೆರವಣಿಗೆ, ಮನೆತನಗಳ ಕೂಟ, ಒಟ್ಟಿಗೆ ಊಟ, ಭಾನುವಾರ ಬ್ಯಾಪ್ಟಿಸ್ಟ್ ಚರ್ಚಿನವರ ಪ್ರಾರ್ಥನೆ ಹಾಡುಗಾರಿಕೆ ಇಂದಿನ ಕ್ರಮ.

ಬಂದುಹೋಗುವವರೇ ಮುಂದೆ ಊರನ್ನು ಉಳಿಸಲೂ ನಿಂತರು. 1976ರಲ್ಲಿ ನಿಕೋಡಿಮಸ್ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಎನಿಸಿತು. 1970ರ ದಶಕದಲ್ಲಿ ಕೆಲವರು ನಿವೃತ್ತಿಯ ನಂತರ ಮರಳಿ ಮನೆ ಹೂಡಿದರು. 1988ರಲ್ಲಿ ಆಂಜೆಲಾ ಬೇಟ್ಸ್ ಮುಂದಾಳುತನದಲ್ಲಿ ನಿಕೋಡಿಮಸ್ ಚಾರಿತ್ರಿಕ ಸಂಘ ಹುಟ್ಟಿತು. ಮನೆಮನೆಯ ಫೋಟೊ, ಕಾಗದಪತ್ರ, ಮುದುಕರ ಮಾತು ಒಂದೆಡೆ ಸೇರತೊಡಗಿದ್ದು ಆಗಲೇ. 1996ರಲ್ಲಿ ಅಮೆರಿಕದ ಸಂಸತ್ತು ಇದನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಿತು. ಐದು ಕಟ್ಟಡಗಳು ಇದರ ವ್ಯಾಪ್ತಿಗೆ ಬಂದವು: ಟೌನ್‌ಶಿಪ್ ಹಾಲ್, ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ (ಎ.ಎಂ.ಇ.) ಚರ್ಚು, ಹಳೆಯ ಬ್ಯಾಪ್ಟಿಸ್ಟ್ ಚರ್ಚು, ಸೇಂಟ್ ಫ್ರಾನ್ಸಿಸ್ ಹೋಟೆಲು ಮತ್ತು ಶಾಲೆ.

ಕಲ್ಲಿನ ಕಟ್ಟಡ ಉಳಿಸಿದಷ್ಟು ಸುಲಭವಾಗಿ ಬೇಸಾಯ ಉಳಿಯಲಿಲ್ಲ. ಕಪ್ಪು ರೈತರಿಗೆ ಸರ್ಕಾರಿ ಸಾಲ ಕೊಡುವಲ್ಲಿ ಕೃಷಿ ಇಲಾಖೆ ತಾರತಮ್ಯ ಮಾಡಿತೆಂಬ ದೇಶವ್ಯಾಪಿ ಪಿಗ್‌ಫರ್ಡ್ ದಾವೆ 1999ರಲ್ಲಿ ರಾಜಿಯಲ್ಲಿ ಮುಗಿದರೂ, ಅಷ್ಟರಲ್ಲಿ ಎಷ್ಟೋ ಹೊಲಗಳು ಕೈತಪ್ಪಿದ್ದವು. ಉಳಿದ ಕೆಲವೇ ರೈತರು ಕ್ಯಾನ್ಸಸ್ ಕಪ್ಪು ರೈತರ ಸಂಘದ ಮೂಲಕ ತಮ್ಮ ಗೋಧಿಯನ್ನು ಊರಿನ ಹೆಸರಿನಲ್ಲೇ ಹಿಟ್ಟು ಮಾಡಿ ಮಾರುವ ಪ್ರಯತ್ನ ಮಾಡಿದರು. 2027ಕ್ಕೆ ನಿಕೋಡಿಮಸ್‌ಗೆ 150 ವರ್ಷ ತುಂಬುತ್ತದೆ. ಟೌನ್‌ಶಿಪ್ ಹಾಲ್ ರಾಷ್ಟ್ರೀಯ ಉದ್ಯಾನ ಸೇವೆಯವರ ಸಂದರ್ಶಕರ ಕೇಂದ್ರವಾಗಿ ಬಳಕೆಯಾಗುತ್ತ ಬಂದಿದೆ. ಹಬ್ಬ ನಡೆಸುವ ಹೊಣೆ ಮಾತ್ರ ಇಂದಿಗೂ ಮೊದಲು ನೆಲೆಸಿದ ಮನೆತನಗಳ ವಂಶಸ್ಥರದೇ.