ಎಷ್ಟು ದೂರದಲ್ಲಿ ನಿಲ್ಲಬೇಕು?

ರಾಜಾಜಿನಗರದ ಜವಳಿ ವ್ಯಾಪಾರಿಯೊಬ್ಬರ ಮನೆಗೆ ಒಂದು ಭಾನುವಾರ ಅವರ ತಮ್ಮನ ಮಗನು ಬಂದನು. ಬಸವೇಶ್ವರನಗರದಲ್ಲಿರುವ ಆ ತರುಣನಿಗೆ ಬೀದಿಯ ಬದುಕಿನ ಛಾಯಾಚಿತ್ರಗಳನ್ನು ತೆಗೆಯುವ ಹವ್ಯಾಸ. ಸಂಬಳದಲ್ಲಿ ಉಳಿಸಿದ ಹಣದಿಂದ 70–300 ಮಿಲಿಮೀಟರಿನ ಜೂಮ್ ಲೆನ್ಸೊಂದನ್ನು ಕೊಳ್ಳಬೇಕೆಂದಿದ್ದನು. ಸ್ನೇಹಿತನಿಂದ ಎರವಲು ತಂದ ಅಂತಹುದೇ ಲೆನ್ಸಿನಿಂದ ತೆಗೆದ ಚಿತ್ರವೊಂದನ್ನು ತೋರಿಸಿದನು. ವಿಜಯನಗರದಲ್ಲಿ ಹೂ ಮಾರುವ ವೃದ್ಧೆಯೊಬ್ಬಳು ಅದರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಆಕೆಗೆ ಇದನ್ನು ತೋರಿಸಿದೆಯಾ?"

"ಇಲ್ಲ ದೊಡ್ಡಪ್ಪ, ನಾನು ರಸ್ತೆಯ ಆಚೆ ಬದಿಯಲ್ಲಿದ್ದೆ."

"ಹಾಗಾದರೆ ಮೊದಲು ತೋರಿಸಿ ಬಾ. ಲೆನ್ಸಿನ ಮಾತು ಆಮೇಲೆ."

ವೃದ್ಧೆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಮನೇಲಿ ಯಾರಿಗೂ ಗೊತ್ತಾಗಬಾರದು ಅಂತ ತಾನೇ ಇಲ್ಲಿ ಬಂದು ಅತ್ತಿದ್ದು? ಒಂದು ಮಾತು ಕೇಳಬಾರದಿತ್ತೇನಪ್ಪಾ?" ಎಂದಳು. ತರುಣನು ಆಕೆಯ ಎದುರಿನಲ್ಲಿಯೇ ಚಿತ್ರವನ್ನು ಅಳಿಸಿಹಾಕಿದನು.

ಛಾಯಾಚಿತ್ರಣದಲ್ಲಿ ಹಿಂಸೆಯ ಪ್ರಶ್ನೆ ಹೊಸದಲ್ಲ. ಫಿಲ್ಮಿನ ಲೇಪನಕ್ಕೆ ದನಗಳ ಮೂಳೆ, ಚರ್ಮಗಳಿಂದ ಪಡೆದ ಜೆಲಟಿನ್ ಬೇಕು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮೇ ಇಲ್ಲ. ಆದರೆ ನೋಯಿಸುವ ಮಾರ್ಗ ಅದೊಂದೇ ಅಲ್ಲ. ಕೊಡದುದನ್ನು ಕೊಳ್ಳಬಾರದೆಂಬ ವ್ರತವು ಹಣ, ಸರಕುಗಳಿಗಷ್ಟೇ ಅನ್ವಯಿಸುವುದೇ ಎಂಬುದು ವಿಚಾರಣೀಯ.

ಲೆನ್ಸಿನ ಆಯ್ಕೆಯೆಂದರೆ ದೂರದ ಆಯ್ಕೆ. 35 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ನಿಂತ ಮನುಷ್ಯನು ಚೌಕಟ್ಟನ್ನು ತುಂಬುವಂತೆ ಚಿತ್ರ ತೆಗೆಯಲು 50 ಮಿ.ಮೀ. ಲೆನ್ಸಿಗೆ ಸುಮಾರು ಎರಡೂವರೆ ಮೀಟರ್ ಅಂತರ ಸಾಕು, 200 ಮಿ.ಮೀ. ಲೆನ್ಸಿಗೆ ಹತ್ತು ಮೀಟರ್ ಬೇಕು. ಹಕ್ಕಿಗಳಿಗೂ ವನ್ಯಮೃಗಗಳಿಗೂ ಆ ದೂರವೇ ಹಿತ. ಮನುಷ್ಯನ ವಿಷಯ ಹಾಗಲ್ಲ. ಎರಡೂವರೆ ಮೀಟರಿನಲ್ಲಿ ಪರಸ್ಪರ ಮುಖ ಕಾಣುತ್ತದೆ, ಮಾತು ಕೇಳಿಸುತ್ತದೆ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರನ್ನೂ ಮಕ್ಕಳನ್ನೂ ಚಿತ್ರಿಸಿ ಹೆಸರಾದರು. 1977ರಲ್ಲಿ ಪದ್ಮಶ್ರೀ ಪಡೆದರು. ಫ್ರಾನ್ಸಿನ ಹೆನ್ರಿ ಕಾರ್ತಿಯೇ-ಬ್ರೆಸ್ಸೋನರು (1908–2004) ಬಹುತೇಕ 50 ಮಿ.ಮೀ. ಲೆನ್ಸಿನ ಪುಟ್ಟ ಲೈಕಾ ಕ್ಯಾಮೆರಾದಿಂದಲೇ ಕೆಲಸ ಮಾಡಿದರು. ಆದರೆ ಜನರ ಗಮನಕ್ಕೆ ಬಾರದಿರಲೆಂದು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. ಆದುದರಿಂದ ಹತ್ತಿರ ನಿಂತ ಮಾತ್ರಕ್ಕೆ ಅನುಮತಿ ದೊರೆತಂತಾಗದು. ಚಿಕ್ಕ ಲೆನ್ಸು ಯಾರನ್ನೂ ಸಜ್ಜನನನ್ನಾಗಿ ಮಾಡುವುದಿಲ್ಲ. ಬೇಡವೆಂಬ ಮಾತು ಕಿವಿಗೆ ಬೀಳುವಷ್ಟು ಸಮೀಪದಲ್ಲಿ ಅವನನ್ನು ನಿಲ್ಲಿಸುತ್ತದೆ, ಅಷ್ಟೆ.

ತರುಣನು ಜೂಮ್ ಲೆನ್ಸಿನ ವಿಚಾರವನ್ನು ಬಿಟ್ಟು 35 ಮಿ.ಮೀ. ಲೆನ್ಸೊಂದನ್ನು ಕೊಂಡನು. ಅವನ ಕ್ಯಾಮೆರಾದ ಸಂವೇದಕವು ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದಾದುದರಿಂದ ಅದು ಹೆಚ್ಚುಕಡಿಮೆ 50 ಮಿ.ಮೀ. ಲೆನ್ಸಿನಂತೆಯೇ ಕಾಣುತ್ತದೆ. ಬೆಲೆಯೂ ಭಾರವೂ ಕಡಿಮೆ.

ಮರುವಾರ ಅವನು ಅದನ್ನು ಹಿಡಿದು ವಿಜಯನಗರಕ್ಕೆ ಹೋಗಿ, "ಹೂ ಕಟ್ಟುವಾಗ ಒಂದು ಚಿತ್ರ ತೆಗೆಯಲೇ ಅಜ್ಜಿ?" ಎಂದು ಕೇಳಿದನು. ಆಕೆ ಬೇಡವೆಂದಳು. ಅವನು ಎರಡು ಮೊಳ ಮಲ್ಲಿಗೆ ಕೊಂಡು ಮನೆಗೆ ಹಿಂದಿರುಗಿದನು.