ಮಳೆಯಲ್ಲಿ ಕಂಡ ನಡೆ



ಕನ್ನಡದಲ್ಲಿ ‘ನಡೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಕಾಲಿನಿಂದ ಸಾಗುವುದೂ ನಡೆ, ಬಾಳಿನಲ್ಲಿ ಆಚರಿಸುವುದೂ ನಡೆ. ನಡೆ-ನುಡಿಗಳು ಒಂದಾಗಬೇಕೆಂದು ಶರಣರು ಹೇಳಿದುದು ಎರಡನೆಯ ಅರ್ಥದಲ್ಲಿ. ಆದರೆ ಮೊದಲನೆಯ ನಡೆಯೇ ಎರಡನೆಯದಕ್ಕೆ ಒರೆಗಲ್ಲಾಗುವ ಸಂದರ್ಭಗಳೂ ಬರುತ್ತವೆ. ಕಳೆದ ಆಷಾಢದಲ್ಲಿ ಅಂತಹ ಒಂದು ದಿನ ನಮಗೆ ಒದಗಿತು.

ನಾವು ಐವರು ಗೆಳೆಯರು ಬೆಳಗಿನ ಆರು ಗಂಟೆಗೆ ತೀರ್ಥಹಳ್ಳಿಯಿಂದ ಕವಲೇದುರ್ಗಕ್ಕೆ ಕಾಲ್ನಡಿಗೆಯಲ್ಲಿ ಹೊರಟೆವು. ದೂರ ಸುಮಾರು 18 ಕಿಲೋಮೀಟರ್. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಗದ್ದೆಗಳಲ್ಲಿ ನಾಟಿಯ ಕೆಲಸ ನಡೆದಿತ್ತು. ಬೆನ್ನಿಗೆ ಗೊರಬು ಹೊದ್ದ ತಾಯಂದಿರು ಮಳೆಯನ್ನು ಲೆಕ್ಕಿಸದೆ ಕಾಯಕದಲ್ಲಿ ನಿರತರಾಗಿದ್ದರು. ನಮ್ಮ ಛತ್ರಿಗಳು ಒಂದು ಗಂಟೆಯೊಳಗೆ ನಿರುಪಯುಕ್ತವಾದವು. ಕಾಲಿಗೆ ಹತ್ತಿದ ಇಂಬಳಗಳನ್ನು ಸುಣ್ಣ ಹಚ್ಚಿ ಬಿಡಿಸುತ್ತ ಮುಂದುವರಿದೆವು.

ನಮ್ಮಲ್ಲಿ ಹಿರಿಯರೊಬ್ಬರಿದ್ದರು. ನಾಲ್ಕು ತಿಂಗಳ ಹಿಂದೆ ಅವರ ಧರ್ಮಪತ್ನಿ ಲಿಂಗೈಕ್ಯರಾಗಿದ್ದರು. ಅಂದಿನಿಂದ ಮನೆಯಿಂದ ಹೊರಗೆ ಬಾರದಿದ್ದ ಅವರನ್ನು ನಾವೇ ಒತ್ತಾಯಿಸಿ ಕರೆತಂದಿದ್ದೆವು. ಅರ್ಧ ದಾರಿ ಕಳೆದ ಮೇಲೆ ಅವರು ಒಂದು ಮೋರಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. “ನೀವು ಸಾಗಿರಿ. ನಾನು ಬಸ್ಸು ಹಿಡಿದು ಹಿಂದಿರುಗುತ್ತೇನೆ. ನಿಮ್ಮ ನಡಿಗೆಗೆ ನಾನೇಕೆ ಭಾರವಾಗಲಿ?” ಎಂದರು. ಯಾರೂ ಸಮಾಧಾನದ ಮಾತನಾಡಲಿಲ್ಲ. ನಮ್ಮಲ್ಲೊಬ್ಬರು ಅವರ ಪಕ್ಕದಲ್ಲಿ ಕುಳಿತರು, ಬಳಿಕ ಉಳಿದವರೂ ಕುಳಿತೆವು. ಮಳೆ ಐವರ ಮೇಲೂ ಸಮನಾಗಿ ಸುರಿಯಿತು. ಸ್ವಲ್ಪ ಹೊತ್ತಿನ ನಂತರ ಅವರೇ ಎದ್ದರು. ಅವರ ಚೀಲವನ್ನು ಸರದಿಯಂತೆ ಹೊತ್ತು, ಅವರ ವೇಗವನ್ನೇ ಎಲ್ಲರ ವೇಗವಾಗಿಸಿಕೊಂಡು ನಡೆದೆವು.

ದಾರಿಯ ತೋಟದ ಮನೆಯೊಂದರ ಅಮ್ಮ ನಮ್ಮನ್ನು ಕಂಡು ಒಳಗೆ ಕರೆದರು. ಹಂಡೆಯ ಒಲೆಯ ಮುಂದೆ ಕೂರಿಸಿ ಕೊತ್ತಂಬರಿ-ಜೀರಿಗೆಯ ಕಷಾಯ ಕೊಟ್ಟರು. ಊರು, ಹೆಸರು, ಕುಲ ಯಾವುದನ್ನೂ ಕೇಳಲಿಲ್ಲ. ಹಣವನ್ನು ಮುಟ್ಟಲಿಲ್ಲ. ದಾಸೋಹವೆಂಬ ಪದವನ್ನು ಅವರು ಉಚ್ಚರಿಸಲಿಲ್ಲ, ಅದನ್ನು ಮಾಡಿದರು.

ಕವಲೇದುರ್ಗ ಕೆಳದಿ ಅರಸರ ಕೋಟೆ. ಹಿಂದೆ ಇದಕ್ಕೆ ಭುವನಗಿರಿ ದುರ್ಗವೆಂಬ ಹೆಸರಿತ್ತು. ಗದ್ದೆ ದಾಟಿ, ಪಾಚಿಗಟ್ಟಿದ ಹಾಸುಗಲ್ಲಿನ ದಾರಿಯನ್ನು ಒಬ್ಬರ ಕೈ ಒಬ್ಬರು ಹಿಡಿದು ಏರಿದೆವು. ಅರಮನೆ ಇದ್ದೆಡೆ ಇಂದು ನೆಲಗಟ್ಟು ಮಾತ್ರ ಉಳಿದಿದೆ. ಅಲ್ಲಿ ಕಲ್ಲಿನ ಒಲೆಯೊಂದಿದೆ. ಮಳೆಯ ನೀರು ನಿಂತ ಆ ಒಲೆಯನ್ನು ಹಿರಿಯರು ಬಹಳ ಹೊತ್ತು ನೋಡಿ, “ನನ್ನ ಮನೆಯ ಒಲೆಯೂ ನಾಲ್ಕು ತಿಂಗಳಿಂದ ಹೀಗೆಯೇ ಇದೆ” ಎಂದರು. ಅನಂತರ ಮೊದಲ ಬಾರಿಗೆ ಅಗಲಿದ ಪತ್ನಿಯ ಕುರಿತು ಮಾತನಾಡಿದರು. ನಾವು ಕೇಳುತ್ತ ನಿಂತೆವು. ಶಿಖರವನ್ನು ಮಂಜು ಮುಚ್ಚಿತ್ತು. ಪಡುವಣ ದಿಕ್ಕಿನಲ್ಲಿ ಏನೂ ಕಾಣಲಿಲ್ಲ. ಕಾಣಲಿಲ್ಲವೆಂಬ ಕೊರಗು ಯಾರಿಗೂ ಇರಲಿಲ್ಲ.

ಕೋಟೆ ಸ್ಥಾವರ, ಅದು ಬಿದ್ದಿದೆ. ಆದರೆ ಇದೇ ಕೆಳದಿಯ ರಾಣಿ ಚೆನ್ನಮ್ಮಾಜಿ 1689ರಲ್ಲಿ, ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಔರಂಗಜೇಬನ ಸೈನ್ಯ ತನ್ನ ಮೇಲೆ ಬರುವುದೆಂದು ತಿಳಿದೂ ಮರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. ಆ ನಡೆ ಮಾತ್ರ ಇಂದಿಗೂ ಬಿದ್ದಿಲ್ಲ. ಕಷಾಯ ಕೊಟ್ಟ ತಾಯಿಯ ಕೈಯಲ್ಲಿ ನಾವು ಕಂಡುದು ಅದನ್ನೇ. ಜಂಗಮವೆಂದರೆ ಚಲಿಸುವುದು, ಅರಮನೆಯ ಒಲೆ ಆರಿದರೂ ಅನ್ನದ ಕರುಣೆ ಇನ್ನೊಂದು ಒಲೆಗೆ ಚಲಿಸುತ್ತದೆ.

ದುಃಖದಲ್ಲಿರುವವರಿಗೆ ಉಪದೇಶ ಬೇಗ ಬೇಸರ ತರುತ್ತದೆ, ಜೊತೆ ಬೇಸರ ತರುವುದಿಲ್ಲ. ನಿಮ್ಮ ಬಳಗದಲ್ಲಿಯೂ ದಾರಿಯ ನಡುವೆ ಕುಳಿತವರೊಬ್ಬರು ಇರಬಹುದು. ಅವರನ್ನು ಎಬ್ಬಿಸಲು ಅವಸರಿಸಬೇಡಿ. ಮೊದಲು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.